ಕಣ್ಣಿನ ನವೆಗೆ ಹನಿ ಔಷಧ: ಸೀಸೆಯ ಮೇಲಿನ ಹೆಸರನ್ನು ಓದಿಸಿ ಕೊಳ್ಳಿರಿ

ರೊದ್ದಂ, ಪೆನುಕೊಂಡ, ಮಡಕಶಿರಾ ಭಾಗದಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ರಾಮಗಿರಿಯ ಬೆಟ್ಟಗಳ ಮೇಲೆ ನಿಂತಿರುವ ಗಾಳಿವಿದ್ಯುತ್ ಯಂತ್ರಗಳೇ ಅದಕ್ಕೆ ಸಾಕ್ಷಿ. ಕಡಲೆಕಾಯಿ ಬಿಡಿಸುವ ತಿಂಗಳುಗಳಲ್ಲಿ ಹೊಟ್ಟಿನ ಧೂಳು, ಮಳೆಯ ಬಳಿಕ ಬದುಗಳಲ್ಲಿ ಹೂಬಿಡುವ ಕಾಂಗ್ರೆಸ್ ಗಿಡದ ಪರಾಗ, ಬೇಸಿಗೆಯಲ್ಲಿ ಒಣಗಿದ ಪೆನ್ನಾ ನದಿಯ ಪಾತ್ರದಿಂದ ಏಳುವ ಮಣ್ಣು ಈ ಗಾಳಿಯಲ್ಲಿ ಸೇರುತ್ತವೆ. ಶಾಲೆಗೆ ಹೋಗುವ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಾ ಮನೆಗೆ ಬರುವುದು ಇಲ್ಲಿ ಅಪರೂಪದ ಸಂಗತಿಯಲ್ಲ.

ಹೆತ್ತವರು ಸಾಮಾನ್ಯವಾಗಿ ಮಾಡುವುದು ಔಷಧದಂಗಡಿಗೆ ಹೋಗಿ ತೆಲುಗಿನಲ್ಲಿ ‘ಕಣ್ಣು ದುರದ’ ಎಂದು ಹೇಳಿ ಒಂದು ಸೀಸೆ ತರುವುದು. ಅಂಗಡಿಯ ಮಾತು ತೆಲುಗು, ಸೀಸೆಯ ಬರಹ ಇಂಗ್ಲಿಷ್, ಮನೆಯ ಓದು ಕನ್ನಡ. ಈ ಮೂರರ ನಡುವೆ ಕೇಳದೆ ಉಳಿದುಹೋಗುವ ಪ್ರಶ್ನೆ ಒಂದಿದೆ: ಕೈಗೆ ಬಂದಿರುವುದು ಅಲರ್ಜಿಯನ್ನು ತಡೆಯುವ ಆಂಟಿಹಿಸ್ಟಮಿನ್ ಹನಿಯೋ, ಸ್ಟೀರಾಯ್ಡ್ ಹನಿಯೋ? ಎರಡೂ ಒಂದೇ ಅಳತೆಯ ಬಿಳಿ ಸೀಸೆಗಳಲ್ಲಿ ಬರುತ್ತವೆ. ಎರಡೂ ನವೆಯನ್ನು ತಗ್ಗಿಸುತ್ತವೆ. ಆದರೆ ತಿಂಗಳುಗಟ್ಟಲೆ ಬಳಸಿದರೆ ಅವುಗಳ ಪರಿಣಾಮ ತೀರ ಭಿನ್ನ.

ಪರಾಗ ಅಥವಾ ಧೂಳು ಕಣ್ಣಿನ ಪೊರೆಯನ್ನು ತಾಗಿದಾಗ, ಅಲರ್ಜಿಯ ಪ್ರಕೃತಿಯುಳ್ಳವರಲ್ಲಿ ಅಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ದ್ರವ್ಯವನ್ನು ಹೊರಚೆಲ್ಲುತ್ತವೆ. ನವೆ, ಕೆಂಪು, ನೀರು ಸುರಿಯುವುದು, ರೆಪ್ಪೆಯ ಊತ ಎಲ್ಲವೂ ಅದರಿಂದಲೇ. ಆಂಟಿಹಿಸ್ಟಮಿನ್ ಹನಿ ಈ ದ್ರವ್ಯವು ನರಗಳ ಮೇಲೂ ರಕ್ತನಾಳಗಳ ಮೇಲೂ ವರ್ತಿಸದಂತೆ ತಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಆರಾಮ ಕಾಣುತ್ತದೆ. ಓಲೋಪಟಡೀನ್, ಕೀಟೋಟಿಫೆನ್ ಮುಂತಾದವು ಮಾಸ್ಟ್ ಕೋಶಗಳನ್ನೂ ಶಾಂತಗೊಳಿಸುವುದರಿಂದ, ಅಲರ್ಜಿಯ ಕಾಲದಲ್ಲಿ ಕೆಲವು ದಿನ ತಪ್ಪದೆ ಹಾಕಿದರೆ ಹೆಚ್ಚು ಫಲ ನೀಡುತ್ತವೆ.

ಪ್ರಮಾಣದಲ್ಲಿ ಒಂದು ಸೂಕ್ಷ್ಮವಿದೆ. ಓಲೋಪಟಡೀನ್ ಶೇ. 0.1 ಇದ್ದರೆ ದಿನಕ್ಕೆ 2 ಬಾರಿ, ಶೇ. 0.2 ಇದ್ದರೆ ದಿನಕ್ಕೆ ಒಂದೇ ಬಾರಿ. ಶೇ. 0.025ರ ಕೀಟೋಟಿಫೆನ್ ದಿನಕ್ಕೆ 2 ಬಾರಿ. ಪ್ರತಿ ಸಲವೂ ಒಂದು ಕಣ್ಣಿಗೆ ಒಂದೇ ಹನಿ ಸಾಕು. ಕಣ್ಣಿನಲ್ಲಿ ನಿಲ್ಲುವ ದ್ರವವೇ ಸುಮಾರು 30 ಮೈಕ್ರೋಲೀಟರ್. ಒಂದು ಹನಿಯೇ ಅದನ್ನು ತುಂಬಿಬಿಡುತ್ತದೆ, ಎರಡನೆಯದು ಕೆನ್ನೆಯ ಮೇಲೆ ಇಳಿಯುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ವೈದ್ಯರ ಮಾತಿಲ್ಲದೆ ಯಾವ ಹನಿಯೂ ಬೇಡ.

ಹಾಕುವ ಮುನ್ನ ಕೈ ತೊಳೆಯಬೇಕು. ಮಗುವನ್ನು ಅಂಗಾತ ಮಲಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು, ಅಲ್ಲಿ ಮೂಡುವ ಚಿಕ್ಕ ಚೀಲದೊಳಕ್ಕೆ ಹನಿ ಬಿಡಬೇಕು. ಸೀಸೆಯ ಮೂತಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು; ತಾಗಿದರೆ ರೋಗಾಣುಗಳು ಸೀಸೆಯೊಳಗೆ ಸೇರಿಕೊಳ್ಳಬಹುದು. ಬಳಿಕ ಒಂದೆರಡು ನಿಮಿಷ ಕಣ್ಣು ಮುಚ್ಚಿಸಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಹಗುರವಾಗಿ ಒತ್ತಿ ಹಿಡಿದರೆ ಔಷಧವು ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಬೇರೊಂದು ಹನಿಯೂ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಬೇಕು. ಸೀಸೆ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿರಿ. ಸಾಮಾನ್ಯವಾಗಿ 4 ವಾರಗಳ ಬಳಿಕ ಔಷಧ ಉಳಿದಿದ್ದರೂ ಎಸೆಯಬೇಕು. ಅಣ್ಣನ ಸೀಸೆಯನ್ನು ತಂಗಿಗೆ ಹಾಕುವ ಉಳಿತಾಯವೂ ಬೇಡ.

ಈಗ ಸ್ಟೀರಾಯ್ಡ್ ವಿಚಾರ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್ ಈ ಗುಂಪಿನವು. ಹೆಸರಿನ ತುದಿಯಲ್ಲಿ ‘ಸೋನ್’ ಅಥವಾ ‘ಲೋನ್’ ಬಂದರೆ ನಿಂತು ಕೇಳಿರಿ. ಲೋಟೆಪ್ರೆಡ್ನಾಲ್ ಈ ಗುರುತಿಗೆ ಸಿಗದು. ಕೆಲವು ಸೀಸೆಗಳಲ್ಲಿ ಇವು ಆಂಟಿಬಯೋಟಿಕ್ ಜೊತೆ ಬೆರೆತಿರುತ್ತವೆ. ಆಗ ದೊಡ್ಡಕ್ಷರದ ವ್ಯಾಪಾರಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಹುಡುಕಬೇಕು. ನಮ್ಮ ಕನ್ನಡ ಮಾಧ್ಯಮದ ಆರನೆಯ, ಏಳನೆಯ ತರಗತಿಯ ಮಕ್ಕಳು ಈ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲರು. ಅಂಗಡಿಯಲ್ಲೇ ಅವರಿಂದ ಓದಿಸುವುದರಲ್ಲಿ ಸಂಕೋಚವೇನೂ ಇಲ್ಲ.

ಇಷ್ಟು ಎಚ್ಚರಿಕೆ ಏಕೆಂದರೆ, ಬಿಸಿಲಿನ ಒಣ ನಾಡುಗಳಲ್ಲಿ ಸುಮಾರು 5ರಿಂದ 15 ವರ್ಷದ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ವರ್ನಲ್ ಕೆರಟೊಕಂಜಂಕ್ಟಿವೈಟಿಸ್ ಎಂಬ ತೀವ್ರ ಅಲರ್ಜಿ ಬರುವುದುಂಟು. ಬೇಸಿಗೆ ಬಂದಂತೆ ಕೆರಳುವ ಇದು ವರ್ಷ ವರ್ಷವೂ ಮರುಕಳಿಸುತ್ತದೆ. ಮೊದಲ ಸಲ ಸ್ಟೀರಾಯ್ಡ್ ಹನಿಯಿಂದ ಎರಡೇ ದಿನದಲ್ಲಿ ಗುಣ ಕಂಡ ಮನೆಯವರು ಹಳೆಯ ಚೀಟಿಯನ್ನೇ ತೋರಿಸಿ ಮತ್ತೆ ಮತ್ತೆ ಕೊಳ್ಳುತ್ತಾರೆ. ಇದರಿಂದ ಕಣ್ಣಿನ ಒಳ ಒತ್ತಡ ನೋವಿಲ್ಲದೆ ಏರಿ ನೇತ್ರನರ ಕ್ಷೀಣಿಸಬಹುದು. ಇದೇ ಗ್ಲಾಕೋಮಾ, ಹೀಗೆ ಹೋದ ದೃಷ್ಟಿ ಮರಳದು. ಎಳೆಯ ವಯಸ್ಸಿನಲ್ಲೇ ಕಣ್ಣಿನ ಪೊರೆಯೂ ಬೆಳೆಯಬಹುದು. ಶಾಲೆಯಲ್ಲಿ ಅಕ್ಷರಪಟ ತೋರಿಸಿ ನಡೆಸುವ ತಪಾಸಣೆ ಈ ಒತ್ತಡವನ್ನು ಅಳೆಯುವುದಿಲ್ಲ. ಹಾಗೆಂದು ವೈದ್ಯರೇ ಕೊಟ್ಟ ಸ್ಟೀರಾಯ್ಡನ್ನು ಹೆದರಿ ತಟ್ಟನೆ ನಿಲ್ಲಿಸಲೂ ಬಾರದು. ಅವರು ಹೇಳಿದಷ್ಟು ದಿನ ಹಾಕಿ, ಹೇಳಿದ ದಿನಕ್ಕೆ ಮರಳಿ ತೋರಿಸಬೇಕು.

ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು ನಮ್ಮ ಹಿರಿಯರ ಕಾಲದಿಂದ ಬಂದ ಉಪಚಾರಗಳು. ಗೌರವವಿರಲಿ, ಆದರೆ ಶುದ್ಧೀಕರಿಸದ ಯಾವುದನ್ನೂ ಕಣ್ಣೊಳಗೆ ಹಾಕುವುದು ಸೋಂಕನ್ನು ಕರೆದಂತೆ. ತಣ್ಣೀರಿನಲ್ಲಿ ಅದ್ದಿದ ಶುಚಿಯಾದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಡುವುದು ಅದಕ್ಕಿಂತ ಮೇಲು. ಕಣ್ಣುಜ್ಜುವುದನ್ನೂ ಬಿಡಿಸಬೇಕು. ಉಜ್ಜಿದಷ್ಟೂ ಹಿಸ್ಟಮಿನ್ ಹೆಚ್ಚುತ್ತದೆ. ವರ್ಷಗಟ್ಟಲೆ ಉಜ್ಜಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲ ಶಂಕುವಿನಂತೆ ಉಬ್ಬುವ ಅಪಾಯವಿದೆ.

ಶಿಕ್ಷಕರಿಗೂ ಒಂದು ಮಾತು. ಅಲರ್ಜಿಯ ಕಣ್ಣುಕೆಂಪು ಒಬ್ಬರಿಂದೊಬ್ಬರಿಗೆ ಹರಡದು, ಮಗುವನ್ನು ಮನೆಗೆ ಕಳುಹಿಸಬೇಕಾಗಿಲ್ಲ. ‘ಮದ್ರಾಸ್ ಐ’ ಹರಡುತ್ತದೆ. ಅದರಲ್ಲಿ ನವೆಗಿಂತ ಚುಚ್ಚುವಿಕೆ, ಅಂಟು ಪಿಸುರು ಹೆಚ್ಚು.

ನೋವು, ಬೆಳಕು ನೋಡಲಾಗದಿರುವುದು, ಮಂಜು ದೃಷ್ಟಿ, ಕೀವು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಒಂದೇ ಕಣ್ಣಿನ ತೊಂದರೆ ಕಂಡರೆ ಹನಿಯನ್ನು ನೆಚ್ಚಿ ಕೂರದೆ ಅಂದೇ ನೇತ್ರವೈದ್ಯರನ್ನು ಕಾಣಬೇಕು. ನಮ್ಮ ಜಿಲ್ಲೆಯಲ್ಲೇ ಪುಟ್ಟಪರ್ತಿಯ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಉಚಿತ ನೇತ್ರ ವಿಭಾಗವಿದೆ; ಬೆಂಗಳೂರಿಗೆ ಹೋಗುವವರಿಗೆ ಮಿಂಟೊ ಕಣ್ಣಾಸ್ಪತ್ರೆಯಿದೆ. ಎಲ್ಲಿಗೆ ಹೋದರೂ ಈವರೆಗೆ ಬಳಸಿದ ಸೀಸೆಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಸ್ಟೀರಾಯ್ಡ್ ಬಳಸಿದ್ದರೆ ಎಷ್ಟು ತಿಂಗಳು ಎಂಬುದನ್ನು ತಿಳಿಸಿ, ಕಣ್ಣಿನ ಒತ್ತಡವನ್ನು ಅಳೆಯುವಂತೆ ಕೇಳಿಕೊಳ್ಳಿರಿ.