ಪಾಠವನ್ನು ಮಗುವಿನ ಕೈಗೇ ಕೊಟ್ಟರೆ?

"ಅಕ್ಕಾ, ಆ ಸ್ಕೂಲಲ್ಲಿ ಪಾಠನೇ ಮಾಡಲ್ಲ ಕಣಕ್ಕ. ಮಕ್ಕಳು ನೆಲದ ಮೇಲೆ ಕೂತ್ಕೊಂಡು ಕಾರ್ಡು ಇಟ್ಕೊಂಡು ಆಡ್ತಾ ಇರ್ತವೆ. ಹಸು ಮಾರಾದ್ರೂ ಸರಿ, ಮಳವಳ್ಳಿಲಿ ಕಾನ್ವೆಂಟಿಗೆ ಹಾಕ್ತೀನಿ."

2018ರಲ್ಲಿ ತವರೂರು ಪೂರಿಗಾಲಿಗೆ ಹೋಗಿದ್ದಾಗ, ಪಕ್ಕದ ಊರಿಗೆ ಕೊಟ್ಟಿರುವ ನನ್ನ ತಂಗಿ ಹೀಗೆ ಗೋಳಾಡಿದಳು. ಮಗಳು ಆಗ ಅವರೂರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ತಂಗಿ ಹೇಳಿದ ಆ ಕಾರ್ಡಿನಾಟವೇ ನಲಿ-ಕಲಿ.

ಇದು ಹುಟ್ಟಿದ್ದು ನಮ್ಮ ಕಡೆಯೇ. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿ ನೋಡಿಬಂದ ಮೇಷ್ಟ್ರುಗಳು, ಯುನಿಸೆಫ್ ನೆರವಿನಿಂದ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುಮಾಡಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗೆ, ಆಮೇಲೆ ಮೂರಕ್ಕೂ ಬಂತು.

ಮಾರನೇ ದಿನ ತಂಗಿ ಜೊತೆ ಶಾಲೆಗೆ ಹೋದೆ. ತಲೆ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ ತೂಗುಹಾಕಿದ್ದರು. ಗೋಡೆಯಲ್ಲಿ ಕಲಿಕೆಯ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ತಾನೇ ನೋಡಿ, ಆ ಗುರುತಿನ ಕಾರ್ಡು ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತೆ. ಒಂದು ಗುಂಪಿಗೆ ಮೇಡಂ ಪೂರ್ತಿ ಹೇಳಿಕೊಡಬೇಕು, ಇನ್ನೊಂದಕ್ಕೆ ಗೆಳೆಯರೇ ಹೇಳಿಕೊಡ್ತಾರೆ, ಮತ್ತೊಂದು ತಾನಾಗಿಯೇ ಕಲಿಯುತ್ತೆ. ಜ್ವರ, ಜಾತ್ರೆ ಅಂತ ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಪಾಠ ಮುಂದೆ ಓಡಿಹೋಗಿರಲ್ಲ. ಮೇಡಂ ಹತ್ತಿರ ಹೋಗಲು ಒಂದು ಮಗುವೂ ಹೆದರಲಿಲ್ಲ. ನನ್ನ ಮಗ ಅದೇ ವಯಸ್ಸಿನಲ್ಲಿ ಟೆಸ್ಟಿನ ದಿನ ಹೊಟ್ಟೆನೋವು ಅಂತ ಅಳುತ್ತಿದ್ದ!

ಹಾಗಂತ ತಂಗಿಯ ಆತಂಕ ಸುಳ್ಳಲ್ಲ. ನಮ್ಮ ಪುಟ್ಟಿ ಕಳೆಯುವ ಲೆಕ್ಕದ ಮೆಟ್ಟಿಲಲ್ಲೇ ತಿಂಗಳಿಂದ ಕೂತಿದ್ದಳು. ಪಕ್ಕದ ಹುಡುಗಿ ಮಾಡಿದ್ದನ್ನು ನೋಡಿ ಬರೆದು, ಆರಾಮಾಗಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಮೇಡಂ ಒಬ್ಬರೇ, ಮಕ್ಕಳು ಮೂವತ್ತರ ಮೇಲೆ. ಮಗುವಿನ ವೇಗ ಮಗುವಿನದೇ ಸರಿ. ಆದರೆ ನಿಧಾನ ಹೋಗೋದಕ್ಕೂ ತಪ್ಪಿಸಿಕೊಳ್ಳೋದಕ್ಕೂ ಇರುವ ವ್ಯತ್ಯಾಸ ಮಗುವಿಗೆ ಗೊತ್ತಾಗಲ್ಲ, ದೊಡ್ಡವರೇ ನೋಡಬೇಕು. ಎ.ಎಸ್. ನೀಲ್ 1921ರಲ್ಲಿ ಶುರುಮಾಡಿದ, ಈಗ ಇಂಗ್ಲೆಂಡಿನಲ್ಲಿರುವ ಸಮ್ಮರ್‌ಹಿಲ್ ಶಾಲೆಯಲ್ಲಿ ತರಗತಿಗೆ ಹೋಗೋದೂ ಬಿಡೋದೂ ಮಕ್ಕಳ ಇಷ್ಟ. ಅಷ್ಟು ಧೈರ್ಯ ನನಗಂತೂ ಇಲ್ಲಪ್ಪಾ.

ಈಗ ಪೇಟೆಯ ಶಾಲೆಗಳೂ 'ನಮ್ಮಲ್ಲಿ ಮಕ್ಕಳೇ ಕಲಿಯುತ್ತಾರೆ' ಅಂತ ಬೋರ್ಡು ಹಾಕುತ್ತವೆ. ಅಡ್ಮಿಷನ್ನಿಗೆ ಹೋದಾಗ ಆಟದ ಸಾಮಾನು ನೋಡಿ ಮರುಳಾಗಬೇಡಿ. ಒಬ್ಬ ಟೀಚರಿಗೆ ಎಷ್ಟು ಮಕ್ಕಳು, ಯಾವ ಮಗು ಎಲ್ಲಿ ನಿಂತಿದೆ ಅಂತ ಯಾರು ಬರೆದಿಡ್ತಾರೆ, ಮಗು ಒಂದು ವಿಷಯವನ್ನೇ ಮುಟ್ಟದಿದ್ದರೆ ಏನು ಮಾಡ್ತಾರೆ ಅಂತ ಕೇಳಿ. ಮಾಮೂಲಿ ಪುಸ್ತಕ, ಪರೀಕ್ಷೆ ಯಾವ ಕ್ಲಾಸಿಂದ ಅಂತಲೂ ಕೇಳಿ. ನಮ್ಮ ಪುಟ್ಟಿ ನಾಲ್ಕನೇ ಕ್ಲಾಸಿಗೆ ಬಂದಾಗ ಬೋರ್ಡು ನೋಡಿ ಸಾಲುಸಾಲು ಬರೆಯೋದಕ್ಕೆ ತುಂಬ ಕಷ್ಟಪಟ್ಟಳು.

ಮನೆಯಲ್ಲಿ 'ಎಷ್ಟು ಮಾರ್ಕ್ಸು' ಅನ್ನುವ ಬದಲು 'ಇವತ್ತು ಯಾವ ಕಾರ್ಡು, ನಂಗೂ ಹೇಳಿಕೊಡು' ಅನ್ನಿ. ತಂಗಿ ಅದನ್ನೇ ಮಾಡಿದಳು. ಸಂಜೆ ಹುಣಸೆಬೀಜ ಹರಡಿಕೊಂಡು ಕೂತರೆ ಮಗಳು ಮೇಷ್ಟ್ರು, ಅಮ್ಮ ವಿದ್ಯಾರ್ಥಿನಿ. ಎರಡು ವಾರದಲ್ಲಿ ಕಳೆಯುವ ಲೆಕ್ಕ ದಾಟಿತು.

ಹಸು ಮಾರಲಿಲ್ಲ. ಕಾನ್ವೆಂಟಿನ ಮಾತು ಮಾತ್ರ ಅವರ ಮನೆಯಲ್ಲಿ ಪ್ರತಿ ಮೇ ತಿಂಗಳೂ ಬರುತ್ತಲೇ ಇತ್ತು.