ಹಬ್ಬದ ಗದ್ದಲದಲ್ಲಿ ಉದುರುವ ವ್ಯಂಜನಗಳು

ದೀಪಾವಳಿ ಬಂತೆಂದರೆ ಕಳಸ, ಹೊರನಾಡು, ಮೂಡಿಗೆರೆ ಸುತ್ತಿನ ತೋಟದ ಮನೆಗಳು ತುಂಬಿಕೊಳ್ಳುತ್ತವೆ. ಬೆಂಗಳೂರಿನಿಂದ ಮಕ್ಕಳು, ಚಾರ್ಮಾಡಿ ಘಾಟಿ ಹತ್ತಿ ಮಂಗಳೂರಿನ ನೆಂಟರು, ಬೆನ್ನಲ್ಲೇ ಅರೇಬಿಕಾ ಕೊಯ್ಲಿನ ಗಡಿಬಿಡಿ. ಹೀಗೆ ಜಗಲಿ ತುಂಬ ಜನ ಸೇರಿದಾಗ ಅಜ್ಜಯ್ಯ ಮಾತ್ರ ಎಲ್ಲದಕ್ಕೂ ನಗುತ್ತ ತಲೆಯಾಡಿಸುತ್ತಾರೆ. ವಾರದ ಹಿಂದೆ, ಮನೆಯಲ್ಲಿ ಇಬ್ಬರೇ ಇದ್ದಾಗ, ಚೆನ್ನಾಗಿಯೇ ಮಾತಾಡುತ್ತಿದ್ದವರು. ‘ಅವರಿಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ’ ಎಂಬ ತಮಾಷೆ ಹುಟ್ಟುವುದೇ ಆಗ. ಕಿವಿಯ ವಿಜ್ಞಾನ ಬಲ್ಲವರು ಆ ತಮಾಷೆಗೆ ನಗಲಾರರು.

ಒಳಕಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಕಾಕ್ಲಿಯ ಎಂಬ ನಾಳವಿದೆ. ಅದರೊಳಗೆ, ಒಂದೊಂದು ಕಿವಿಯಲ್ಲೂ ಸುಮಾರು 15,000 ರೋಮಕೋಶಗಳು ಸದ್ದಿನ ಕಂಪನವನ್ನು ನರದ ಸಂಕೇತವಾಗಿ ಬದಲಿಸುತ್ತವೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಸವೆಯುವುದು ನಾಳದ ಬಾಯಿಯ ಬಳಿ ಇರುವ, ಕೀಚಲು ಸದ್ದನ್ನು ಹಿಡಿಯುವ ಕೋಶಗಳು.

ಮಾತಿಗೆ ಪೆಟ್ಟು ಬೀಳುವುದು ಇಲ್ಲೇ. ಆ, ಓ, ಊ ಮುಂತಾದ ಸ್ವರಗಳ ಬಲ ಹೆಚ್ಚಾಗಿ ಕೆಳಗಿನ ಕಂಪನಾಂಕಗಳಲ್ಲಿದೆ. ಅವು ಗಟ್ಟಿಯಾಗಿಯೂ ಇರುತ್ತವೆ. ಸ, ತ, ಕ, ಪಗಳಂಥ ವ್ಯಂಜನಗಳು ಕ್ಷೀಣ. ಸಕಾರದ ಸದ್ದಂತೂ ಬಹುಪಾಲು 4000 ಹರ್ಟ್ಸ್‌ಗಿಂತ ಮೇಲೆ. ಹಾಗಾಗಿ ಯಾರೋ ಏನೋ ಅಂದರೆಂಬುದು ಅಜ್ಜಯ್ಯನಿಗೆ ತಿಳಿಯುತ್ತದೆ. ತಟ್ಟೆಯೋ, ಕಟ್ಟೆಯೋ, ಪಟ್ಟೆಯೋ ಎಂಬುದು ತಿಳಿಯುವುದಿಲ್ಲ. ಮನೆ ನಿಶ್ಶಬ್ದವಾಗಿದ್ದಾಗ ಮಿದುಳು ಸಂದರ್ಭ ನೋಡಿ, ತುಟಿ ನೋಡಿ ಬಿಟ್ಟ ಸ್ಥಳ ತುಂಬಿಕೊಳ್ಳುತ್ತದೆ. ಗದ್ದಲದಲ್ಲಿ ಆ ಊಹೆಗೂ ಆಧಾರ ಸಿಗುವುದಿಲ್ಲ.

ಗದ್ದಲವೋ ತಾನೇ ತಾನಾಗಿ ಏರುತ್ತದೆ. ಸುತ್ತ ಸದ್ದು ಹೆಚ್ಚಿದಷ್ಟೂ ನಾವು ಅರಿವಿಲ್ಲದೆಯೇ ದನಿ ಎತ್ತರಿಸುತ್ತೇವೆಂದು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದರು. ಟಿವಿ, ಮಿಕ್ಸಿ, ಸ್ಟೀಲ್ ಲೋಟಗಳ ಸದ್ದಿನ ನಡುವೆ ಹತ್ತು ಜನ ಒಬ್ಬರಿಗಿಂತ ಒಬ್ಬರು ಜೋರು. ಆಗ ಮೊಮ್ಮಗ ಕಿವಿಯ ಬಳಿ ಕೂಗುತ್ತಾನೆ. ‘ಕೇಳ್ಸಲ್ಲ, ಜೋರಾಗಿ ಹೇಳು’ ಎಂದಿದ್ದ ಅಜ್ಜಯ್ಯನೇ ಈಗ ‘ಯಾಕೋ ಹಾಗೆ ಕಿರುಚ್ತೀಯ!’ ಎಂದು ಸಿಡುಕುತ್ತಾರೆ. ಎರಡೂ ನಿಜವೇ. ಸಣ್ಣ ಸದ್ದನ್ನು ಹಿಗ್ಗಿಸಿಕೊಡುತ್ತಿದ್ದ ಹೊರಸಾಲಿನ ರೋಮಕೋಶಗಳು ಸವೆದಾಗ ಮೆಲುದನಿ ಕೇಳುವುದಿಲ್ಲ, ಜೋರುದನಿ ಮಾತ್ರ ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ಹಿತವಾಗಿ ಕೇಳಿಸುವ ಅಂತರ ಕಿರಿದಾಗುತ್ತದೆ.

ಆದ್ದರಿಂದ ಕೂಗುವುದಕ್ಕಿಂತ ಹತ್ತಿರ ಬರುವುದು ಒಳ್ಳೆಯದು. ಎರಡು ಮೀಟರ್ ದೂರದವರು ಒಂದು ಮೀಟರಿಗೆ ಬಂದರೆ, ಬಯಲಿನಲ್ಲಾದರೆ, ದನಿ 6 ಡೆಸಿಬೆಲ್ ಹೆಚ್ಚುತ್ತದೆ, ಮುಖವೂ ಕಾಣುತ್ತದೆ. ಮೊದಲು ಹೆಸರು ಹಿಡಿದು ಕರೆದು, ನೋಡಿದ ಮೇಲೆ ಮಾತು ಶುರುಮಾಡಿ. ತಿಳಿಯದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳದೆ ಬೇರೆ ಪದಗಳಲ್ಲಿ ಹೇಳಿ. ‘ಏನಿಲ್ಲ ಬಿಡಿ’ ಎಂದು ಮಾತ್ರ ಅನ್ನಬೇಡಿ.

ಮಲೆನಾಡಿನ ಪಂಕ್ತಿ ಊಟ ಇಂಥವರಿಗೆ ಬಲು ಕಷ್ಟ. ಅಕ್ಕಪಕ್ಕ ಕುಳಿತವರ ತುಟಿ ಕಾಣುವುದಿಲ್ಲ. ಬಡಿಸುವವರು ‘ಸಾರು, ಸಾರು’ ಎನ್ನುತ್ತ ಸರಸರನೆ ದಾಟುತ್ತಾರೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ನೂರಾರು ಜನ ಒಟ್ಟಿಗೆ ಕೂರುವ ಭೋಜನಶಾಲೆಯಲ್ಲಿ ಗೋಡೆಗಳಿಂದ ಮರುದನಿಯೂ ಸೇರುತ್ತದೆ. ಸಾಲಿನ ತುದಿಯಲ್ಲಿ, ಕೇಳುವ ಕಿವಿ ಮನೆಯವರ ಕಡೆಗಿರುವಂತೆ ಕೂರಿಸಿ. ಮನೆಯಲ್ಲಾದರೆ ಬಡಿಸುವವರು ಪಾತ್ರೆ ತೋರಿಸಿ ಕೇಳಲಿ. ಊಟವಾದ ಮೇಲೆ ಅರ್ಧ ಗಂಟೆ ಒಳಮನೆಯಲ್ಲಿ ಸುಮ್ಮನಿರಲು ಬಿಡಿ. ಊಹಿಸಿ ಊಹಿಸಿ ಮಿದುಳು ದಣಿದಿರುತ್ತದೆ.

‘ಕಿವಿ ಮಷೀನು’ ಎಂದು ಕರೆಯುವ ಶ್ರವಣ ಸಾಧನವನ್ನು ಹಬ್ಬದ ದಿನವೇ ಮೊದಲ ಸಲ ಹಾಕಿಸಬಾರದು. ವರ್ಷಗಟ್ಟಲೆ ಕೇಳದಿದ್ದ ಸದ್ದುಗಳಿಗೆ ಮಿದುಳು ಒಗ್ಗಿಕೊಳ್ಳಲು ವಾರಗಳೇ ಬೇಕು. ಅನೇಕ ಸಾಧನಗಳು ಗದ್ದಲದಲ್ಲಿ ಮುಂದಿನ ದನಿಯನ್ನೇ ಹೆಚ್ಚು ಎತ್ತಿಕೊಡುತ್ತವೆ. ಹಾಗಾಗಿ ಅಡುಗೆಮನೆಯ ಕಡೆಗೆ ಬೆನ್ನು, ಮಾತಾಡುವವರ ಕಡೆಗೆ ಮುಖ. ನರಕ ಚತುರ್ದಶಿಯ ಅಭ್ಯಂಜನಕ್ಕೆ ಎಣ್ಣೆ ಹಚ್ಚುವ ಮೊದಲೇ ಅದನ್ನು ತೆಗೆದಿಡಬೇಕು. ಮಲೆನಾಡಿನ ಥಂಡಿಗೆ ತೇವ ಸೇರಿ ಕೆಡುವುದರಿಂದ ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಗುಂಡಿಯಂಥ ಬ್ಯಾಟರಿಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಮಕ್ಕಳು ನುಂಗಿದರೆ ಪ್ರಾಣಾಪಾಯ, ಎತ್ತರದಲ್ಲಿಡಿ. ಕಿವಿಗೆ ಬಿಸಿ ಎಣ್ಣೆ ಬಿಡುವುದರಿಂದ ಸತ್ತ ರೋಮಕೋಶ ಬದುಕುವುದಿಲ್ಲ. ಕಿವಿಯ ತಮಟೆ ತೂತಾಗಿದ್ದರೆ ಅಪಾಯವೇ.

ಉಳಿದ ಕಿವಿಗಳನ್ನೂ ಕಾಯಬೇಕು. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿಯನ್ನು ನಮ್ಮ ಕಾನೂನು ನಿಷೇಧಿಸಿದೆ. ಅದಕ್ಕಿಂತ ಹತ್ತಿರ ನಿಂತ ಮಗುವಿಗೆ ಆ ಮಿತಿಯೂ ರಕ್ಷಣೆಯಲ್ಲ. ತೋಟದಲ್ಲಿ ಕಳೆ ಕೊಚ್ಚುವ ಯಂತ್ರ, ಮರ ಕುಯ್ಯುವ ಯಂತ್ರ ಹಿಡಿಯುವವರ ಲೆಕ್ಕ ಹೀಗೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ಕಿವಿಗೆ ರಕ್ಷಕ ಹಾಕದೆ ಯಂತ್ರ ಹಿಡಿಯಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣ ನಷ್ಟವಿದೆ. ಮರೆವಿನ ಕಾಯಿಲೆಯ ತಡೆಯಬಲ್ಲ ಕಾರಣಗಳಲ್ಲಿ ಅದೂ ಒಂದೆಂದು 2020ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದೆ. ದಿನವೂ ಜೊತೆಗಿರುವವರಿಗೆ ಈ ಇಳಿಕೆ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಬರುವ ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ಕಿವಿ ಪರೀಕ್ಷೆಗೆಂದು ಹೊರಟರೆ ಹೊರನಾಡಿನಿಂದ ಚಿಕ್ಕಮಗಳೂರಿಗೆ ಸುಮಾರು ನೂರು ಕಿಲೋಮೀಟರ್ ಘಟ್ಟದ ದಾರಿ. ವಯಸ್ಸಾದವರು ಒಬ್ಬರೇ ಹೊರಡುವುದಿಲ್ಲ. ಮನೆಯಲ್ಲಿ ಕಾರೂ ಜನವೂ ಇರುವಾಗಲೇ ಅವರನ್ನು ಪರೀಕ್ಷೆಗೆ ಕರೆದೊಯ್ಯಿರಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಸಾಧನ ಕೊಡಲು 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಹಬ್ಬ ಮುಗಿಯಲೆಂದು ಕಾಯಬಾರದು; ಅದಕ್ಕೆ ಚಿಕಿತ್ಸೆ ತಡವಾದಷ್ಟೂ ಕೇಳ್ಮೆ ಮರಳುವ ಅವಕಾಶ ಕಡಿಮೆ.