ಜೀವಕೋಶದ ಐವತ್ತರ ಗಡಿ

ಜೀವಕೋಶಕ್ಕೆ ಮುಪ್ಪಿಲ್ಲ ಎಂದು ವಿಜ್ಞಾನಲೋಕ ಸುಮಾರು ಅರ್ಧ ಶತಮಾನ ನಂಬಿತ್ತು. ಅದಕ್ಕೆ ಕಾರಣ ಒಂದು ಕೋಳಿಯ ಹೃದಯ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ 1912ರ ಜನವರಿಯಲ್ಲಿ ಕೋಳಿಭ್ರೂಣದ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಇಟ್ಟರು. ಅದೇ ವರ್ಷ ಅವರಿಗೆ ನೊಬೆಲ್ ಬಂತು. ಕ್ಯಾರೆಲ್ ತೀರಿಕೊಂಡದ್ದು 1944ರಲ್ಲಿ. ಆ ಕೋಶಗಳನ್ನು 1946ರವರೆಗೂ ಬೆಳೆಸಲಾಯಿತು. ಬೇರೆಯವರು ಬೆಳೆಸಿದ ಕೋಶಗಳು ಸತ್ತರೆ, ದೋಷ ತಮ್ಮ ಕೈಯದೇ ಎಂದು ಅವರು ಸುಮ್ಮನಾಗುತ್ತಿದ್ದರು. ಕ್ಯಾರೆಲ್ ಹೆಸರಿನ ತೂಕ ಅಷ್ಟಿತ್ತು.

ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿದ್ದ ಲಿಯೊನಾರ್ಡ್ ಹೇಫ್ಲಿಕ್ ಸುಮ್ಮನಾಗಲಿಲ್ಲ. ಅವರ ಮಾನವ ಕೋಶಗಳು ಸುಮಾರು ಐವತ್ತು ಸಲ ದ್ವಿಗುಣಗೊಂಡು ನಿಂತುಬಿಡುತ್ತಿದ್ದವು. ತಪ್ಪು ಪೋಷಕ ದ್ರವದ್ದೋ, ವೈರಸ್ಸಿನದೋ, ಕೋಶದ್ದೋ? ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಹೂಡಿದ ಪರೀಕ್ಷೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹಲವು ಸಲ ವಿಭಜನೆಗೊಂಡ ಗಂಡು ಕೋಶಗಳನ್ನೂ ಎಳೆಯ ಹೆಣ್ಣು ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರು. ಎರಡಕ್ಕೂ ಒಂದೇ ಆಹಾರ, ಒಂದೇ ಪರಿಸರ. ಕೆಲ ಕಾಲದ ನಂತರ ಕ್ರೋಮೋಸೋಮು ನೋಡಿದರೆ ಉಳಿದದ್ದು ಹೆಣ್ಣು ಕೋಶಗಳು ಮಾತ್ರ! ಹೊರಗಿನ ದೋಷವಾಗಿದ್ದರೆ ಎರಡೂ ಸಾಯಬೇಕಿತ್ತು. ಕೋಶವೇ ತನ್ನ ವಯಸ್ಸನ್ನು ಎಣಿಸುತ್ತಿತ್ತು. ಮೊದಲು ಕಳಿಸಿದ ಪತ್ರಿಕೆ ಲೇಖನವನ್ನು ತಿರಸ್ಕರಿಸಿತು. 1961ರಲ್ಲಿ ಬೇರೊಂದು ಪತ್ರಿಕೆ ಪ್ರಕಟಿಸಿತು.

ಎಣಿಕೆ ಎಲ್ಲಿ ನಡೆಯುತ್ತದೆ? ಉತ್ತರ ಮಾಸ್ಕೋದ ಅಲೆಕ್ಸಿ ಓಲೊವ್ನಿಕೊವ್‌ಗೆ ಮೆಟ್ರೋ ನಿಲ್ದಾಣದಲ್ಲಿ ಹೊಳೆಯಿತು. ರೈಲು ನಿಂತಿರುವ ಹಳಿಯ ಭಾಗ ಅದರಡಿ ಮುಚ್ಚಿಹೋಗುವಂತೆ, ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೂ ತುದಿಯ ಚೂರು ಸಿಗುವುದಿಲ್ಲ. ಹಾಗಾಗಿ ಪ್ರತಿ ವಿಭಜನೆಗೂ ತುದಿ ಸವೆಯುತ್ತದೆ ಎಂದು 1971ರಲ್ಲಿ ಬರೆದರು. ಎಲಿಜಬೆತ್ ಬ್ಲ್ಯಾಕ್‌ಬರ್ನ್ ಕೊಳದ ಏಕಕೋಶ ಜೀವಿಯೊಂದರಲ್ಲಿ ಆ ತುದಿಯ, ಅಂದರೆ ಟೆಲೊಮಿಯರ್‌ನ, ರಚನೆ ಬಿಡಿಸಿದರು. ಅದನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಕಿಣ್ವದ ಸುಳಿವು ಅವರ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್‌ಗೆ ಸಿಕ್ಕಿದ್ದು 1984ರ ಕ್ರಿಸ್‌ಮಸ್ ದಿನ. ಜ್ಯಾಕ್ ಶೊಸ್ಟಾಕ್ ಜೊತೆ ಇಬ್ಬರಿಗೂ 2009ರಲ್ಲಿ ನೊಬೆಲ್ ಬಂತು. ಓಲೊವ್ನಿಕೊವ್‌ಗೆ ಬರಲಿಲ್ಲ, ಅದು ಅನ್ಯಾಯವೆಂದೇ ನನ್ನ ಭಾವನೆ.

ಆದರೆ ಮುಪ್ಪಿನ ಗುಟ್ಟೆಲ್ಲ ಇದರಲ್ಲಿಲ್ಲ. ಪ್ರಯೋಗಾಲಯದ ಇಲಿಯ ಟೆಲೊಮಿಯರ್ ನಮ್ಮದಕ್ಕಿಂತ ಉದ್ದ, ಆಯುಸ್ಸು ಮಾತ್ರ ಎರಡು-ಮೂರು ವರ್ಷ. ಬಹುಪಾಲು ಕ್ಯಾನ್ಸರ್ ಕೋಶಗಳು ಸಾಯದೆ ಬೆಳೆಯುವುದೂ ಟೆಲೊಮರೇಸ್‌ನ ಬಲದಿಂದಲೇ. ಟೆಲೊಮಿಯರ್ ಉದ್ದ ಮಾಡಿ ಯೌವನ ಮರಳಿಸುತ್ತೇವೆಂದು ಮಾತ್ರೆ ಮಾರುವವರಿಗೆ ದಯವಿಟ್ಟು ಹಣ ಕೊಡಬೇಡಿ.